ಬಿಳಿಗಿರಿಯ ಕಾಡು ಮತ್ತು ನಾವು: ಐವತ್ತು ವರ್ಷಗಳ ಲೆಕ್ಕ

ನಮ್ಮ ಪ್ರೌಢಶಾಲೆ ಆರಂಭವಾದದ್ದು 1974ರಲ್ಲಿ. ಅದೇ ವರ್ಷ ನಮ್ಮ ಊರಿನ ಮೂಡಣಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಸರ್ಕಾರ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಿತು. ಶಾಲೆಗೂ ಅಭಯಾರಣ್ಯಕ್ಕೂ ಒಂದೇ ವಯಸ್ಸು. ಶಾಲೆಯ ಐವತ್ತು ವರ್ಷಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಿದ್ದಾರೆ. ಕಾಡಿನ ಐವತ್ತು ವರ್ಷಗಳನ್ನು ನೀವು ಬರೆಯಿರಿ ಎಂದು ಸಂಪಾದಕ ಮಂಡಳಿಯವರು ನನಗೆ ಹೇಳಿದರು. ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಮುಂದೆ ಇಲ್ಲಿಯೇ ಬಹುಕಾಲ ಸಮಾಜ ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು. ಕಾಡಿನ ವಿಜ್ಞಾನ ನನ್ನ ವಿಷಯವಲ್ಲ. ಆದರೆ ಒಂದು ಕಾಡನ್ನು ಯಾರು ಯಾರು ಹೇಗೆ ನೋಡಿಕೊಂಡರು, ಅದರಿಂದ ಏನಾಯಿತು ಎಂಬುದು ಚರಿತ್ರೆಯ ವಿಷಯವೇ ಆದ್ದರಿಂದ ಒಪ್ಪಿಕೊಂಡೆ.

ಚರಿತ್ರೆ ಎಂದರೆ ರಾಜರ ಆಳ್ವಿಕೆ, ಯುದ್ಧಗಳ ಇಸವಿ ಎಂದು ಮಕ್ಕಳು ತಿಳಿಯುತ್ತಾರೆ. ನಮ್ಮ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ, ಹಿಂದೆ ಬೆಟ್ಟದಿಂದ ಬರುತ್ತಿದ್ದ ನೆಲ್ಲಿಕಾಯಿ ಏಕೆ ಕಡಿಮೆಯಾಯಿತು, ಆನೆ ಏಕೆ ಕೆಳಗಿಳಿಯುತ್ತದೆ ಎಂಬ ಪ್ರಶ್ನೆಗಳಿಗೂ ಚರಿತ್ರೆಯೇ ಉತ್ತರ ಕೊಡಬೇಕು.

ಅಭಯಾರಣ್ಯಕ್ಕೆ ಮುಂಚೆ

ಪಶ್ಚಿಮ ಘಟ್ಟಗಳಿಗೂ ಪೂರ್ವ ಘಟ್ಟಗಳಿಗೂ ನಡುವೆ ಸೇತುವೆಯ ಹಾಗೆ ಇರುವುದು ಬಿಳಿಗಿರಿರಂಗನ ಬೆಟ್ಟ ಸಾಲು. ತಪ್ಪಲಲ್ಲಿ ಕುರುಚಲು ಕಾಡು, ಮೇಲೇರಿದಂತೆ ಎಲೆಯುದುರುವ ಕಾಡು, ಇನ್ನೂ ಮೇಲೆ ಹುಲ್ಲುಗಾವಲು, ಅದರ ಮಡಿಲಲ್ಲಿ ಸದಾ ಹಸಿರಾದ ಶೋಲಾ ಕಾಡು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಕಾಡುಗಳು ಇರುವುದರಿಂದಲೇ ಇಲ್ಲಿ ಎರಡೂ ಘಟ್ಟಗಳ ಗಿಡಮರ, ಪ್ರಾಣಿ ಪಕ್ಷಿಗಳು ಕಾಣಸಿಗುತ್ತವೆ.

ಈ ಕಾಡಿನ ಮೂಲ ನಿವಾಸಿಗಳು ಸೋಲಿಗರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಸೋಲಿಗರ ವಿಚಾರ ಬರೆದಿದ್ದಾನೆ. 1870ರ ದಶಕದಲ್ಲಿ ಚಾಮರಾಜನಗರದ ಸುತ್ತ ಕಾಲುವೆಗಳ ಉಸ್ತುವಾರಿ ನೋಡುತ್ತಾ ಖೆಡ್ಡಾ ಮಾಡಿ ಆನೆ ಹಿಡಿದ ಸ್ಯಾಂಡರ್ಸನ್ ಕೂಡ ಅವರನ್ನು ಬಲ್ಲವನಾಗಿದ್ದ. ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಆರ್.ಸಿ. ಮಾರಿಸ್ ಬೆಟ್ಟದ ಪ್ರಾಣಿಗಳ ಕುರಿತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆಯುತ್ತಿದ್ದ. ಇವರೆಲ್ಲರ ಬರಹಗಳಲ್ಲಿ ಸೋಲಿಗರು ದಾರಿ ತೋರಿಸುವವರಾಗಿ, ಹೆಜ್ಜೆ ಗುರುತು ಹಿಡಿಯುವವರಾಗಿ ಬರುತ್ತಾರೆ. ಕಾಡನ್ನು ನೋಡಿಕೊಳ್ಳುವವರಾಗಿ ಅವರನ್ನು ಕಂಡವರು ಆ ಕಾಲದಲ್ಲಿ ಕಡಿಮೆ.

ಸೋಲಿಗರ ಲೆಕ್ಕದಲ್ಲಿ ಕಾಡು ಎಂಬುದು ಯಾರದೂ ಅಲ್ಲದ ಬಯಲಲ್ಲ. ಅದು 'ಯಲ್ಲೆ'ಗಳಾಗಿ ಹಂಚಿಕೆಯಾಗಿದೆ. ಒಂದೊಂದು ಯಲ್ಲೆಗೂ ಒಂದೊಂದು ಕುಲ ಹೊಣೆ. ಪ್ರತಿ ಯಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ತಾಣಗಳಿವೆ. ಕಲ್ಲುಗುಡಿ ಹಿರಿಯರನ್ನು ನೆನೆಯುವ ಜಾಗ, ಅಬ್ಬಿ ನೀರಿನ ಜಾಗ. ಇತ್ತೀಚಿನ ವರ್ಷಗಳಲ್ಲಿ ಸೋಲಿಗ ಹಿರಿಯರೂ ಸಂಶೋಧಕರೂ ಜೊತೆಯಾಗಿ ನಡೆದು ಈ ತಾಣಗಳ ನಕ್ಷೆ ತಯಾರಿಸಿದರು. ನಾನೂರಕ್ಕೂ ಹೆಚ್ಚು ತಾಣಗಳು ಸಿಕ್ಕವು. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು. ಆ ಮರದ ಬುಡದಲ್ಲಿ ನಿಂತವರಿಗೆ, ಕೊಡಲಿ ತಾಗದೆ ಅದು ಇಷ್ಟು ಕಾಲ ಉಳಿದದ್ದು ಬರಿಯ ಅದೃಷ್ಟದಿಂದಲ್ಲ ಎಂದು ತಿಳಿಯುತ್ತದೆ.

ಬಯಲು ಸೀಮೆಯ ನಮಗೂ ಬೆಟ್ಟಕ್ಕೂ ನಂಟು ಹಳೆಯದು. ಸೋಲಿಗರ ಹೆಣ್ಣು ಕುಸುಮಾಲೆಯನ್ನು ರಂಗಪ್ಪ ಮದುವೆಯಾದ. ಆದ್ದರಿಂದ ಸೋಲಿಗರಿಗೆ ಅವನು ಭಾವ. ಅದೇ ರಂಗಪ್ಪನಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಮಾಡಿ ಒಪ್ಪಿಸುವವರು ಬಯಲಿನವರು. ಹೆಣ್ಣು ಬೆಟ್ಟದ್ದು, ಪಾದುಕೆ ಬಯಲಿನದು. ದೇವರು ಇಬ್ಬರಿಗೂ ಸೇರಿದವನು. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ನಮ್ಮ ದನಗಳು ತಪ್ಪಲಿನ ಕಾಡಿಗೆ ಹೋಗುತ್ತಿದ್ದವು. ಸೌದೆ, ನೇಗಿಲಿನ ಮರ, ಮಾಡಿಗೆ ಹುಲ್ಲು, ಬುಟ್ಟಿಗೆ ಬಿದಿರು ಎಲ್ಲವೂ ಅಲ್ಲಿಂದಲೇ. ಸಂತೆಯ ದಿನ ಸೋಲಿಗ ಹೆಂಗಸರು ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಪೊರಕೆ ತಂದು ರಾಗಿ, ಉಪ್ಪು, ಬಟ್ಟೆ ಕೊಂಡು ಹೋಗುತ್ತಿದ್ದರು.

1974: ಬೇಲಿಯ ಕಾಲ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಎರಡು ವರ್ಷದ ಮೇಲೆ ನಮ್ಮ ಬೆಟ್ಟದ ಸುಮಾರು 324 ಚದರ ಕಿಲೋಮೀಟರ್ ಕಾಡು ಅಭಯಾರಣ್ಯವಾಯಿತು. 1987ರಲ್ಲಿ ಅದನ್ನು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತರಿಸಿದರು. ಬೇಟೆ ನಿಂತಿತು. ಸೋಲಿಗರು ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. ಕಾಡಿನೊಳಗೆ ಅಲ್ಲಲ್ಲಿ ಇದ್ದವರು ಒಂದೇ ಕಡೆ ನೆಲೆನಿಂತ ಪೋಡುಗಳಿಗೆ ಬಂದರು. ಇಂದು ಕಾಡಿನ ಒಳಗೂ ಅಂಚಿನಲ್ಲೂ ಐವತ್ತಕ್ಕೂ ಹೆಚ್ಚು ಪೋಡುಗಳಿವೆ. ಕಾಡಿಗೆ ಬೆಂಕಿ ಹಾಕುವುದು ಅಪರಾಧವಾಯಿತು.

ಇದರಿಂದ ಒಳ್ಳೆಯದು ಆಗಲಿಲ್ಲ ಎಂದು ಯಾರೂ ಹೇಳಲಾರರು. ಆ ಕಾಲದಲ್ಲಿ ದೇಶದ ಕಾಡುಗಳು ಅಣೆಕಟ್ಟು, ಗಣಿ, ಮರದ ವ್ಯಾಪಾರಗಳಿಗೆ ಕರಗಿ ಹೋಗುತ್ತಿದ್ದವು. ಕಾಯ್ದೆ ಇಲ್ಲದಿದ್ದರೆ ನಮ್ಮ ಬೆಟ್ಟವೂ ಉಳಿಯುತ್ತಿತ್ತೆಂಬ ಭರವಸೆ ನನಗಿಲ್ಲ. ಮುಂದೆ ವೀರಪ್ಪನ್ ಹಾವಳಿಯ ವರ್ಷಗಳು ಬಂದವು. ಗಂಧದ ಮರಕ್ಕೂ ದಂತದ ಆನೆಗೂ ಉಳಿಗಾಲವಿಲ್ಲದ ಹಾಗಾಗಿತ್ತು. 2004ರಲ್ಲಿ ಅವನು ಸಾಯುವವರೆಗೆ ಮಲೆ ಮಹದೇಶ್ವರ ಬೆಟ್ಟದಿಂದ ಇಲ್ಲಿಯವರೆಗೆ ಇಡೀ ಕಾಡು ಹೆದರಿಕೆಯಲ್ಲಿತ್ತು. ಅಂಥ ಹೊತ್ತಿನಲ್ಲೂ ಕಾಡಿನಲ್ಲಿ ರಾತ್ರಿ ಗಸ್ತು ತಿರುಗಿದ ಅರಣ್ಯ ಸಿಬ್ಬಂದಿಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಋಣ ನಮ್ಮ ಮೇಲಿದೆ.

ಆದರೆ ಬೇಲಿ ಹಾಕಿ ಕಾಯುವುದರಿಂದ ಕಳ್ಳನನ್ನು ತಡೆಯಬಹುದು. ಕಾಡಿನೊಳಗೇ ನಡೆಯುವ ಬದಲಾವಣೆಯನ್ನು ತಡೆಯಲು ಆಗುವುದಿಲ್ಲ. ಹೊಲಕ್ಕೆ ಬೇಲಿ ಕಟ್ಟಿ ಮನೆಯಲ್ಲಿ ಕುಳಿತರೆ ಕಳೆ ತಾನಾಗಿ ಹೋಗುತ್ತದೆಯೇ? ಬಿಳಿಗಿರಿಯಲ್ಲಿ ಮುಂದೆ ಆದದ್ದು ಇದೇ.

ನೆಲ್ಲಿ ಮರ ಹೇಳಿದ ಪಾಠ

ಬೇಸಾಯ ನಿಂತ ಮೇಲೆ ಸೋಲಿಗರ ಜೀವನಕ್ಕೆ ಕಿರು ಅರಣ್ಯ ಉತ್ಪನ್ನಗಳೇ ಆಧಾರವಾದವು. ಜೇನು, ನೆಲ್ಲಿ, ಸೀಗೆ, ಅಂಟುವಾಳ, ಮರದ ಪಾಚಿ ಇವನ್ನು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆ, ಶಾಲೆಗಳ ಜೊತೆಗೆ ಜೇನು ಮತ್ತು ನೆಲ್ಲಿಯನ್ನು ಸಂಸ್ಕರಿಸಿ ಮಾರುವ ಕೆಲಸವೂ 1990ರ ದಶಕದಲ್ಲಿ ನಡೆಯಿತು. ಅದೇ ದಶಕದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು ಬೆಟ್ಟದಲ್ಲಿ ಕೆಲಸ ಆರಂಭಿಸಿದರು.

ಆಗ ಎದ್ದ ಪ್ರಶ್ನೆ ಸರಳವಾದದ್ದು: ಇಷ್ಟೊಂದು ನೆಲ್ಲಿಕಾಯಿ ಕೊಯ್ದರೆ ನಾಳೆಗೆ ಮರ ಉಳಿಯುತ್ತದೆಯೇ? ಇದಕ್ಕೆ ಬೆಂಗಳೂರಿನಲ್ಲಿ ಕುಳಿತು ಉತ್ತರ ಹೇಳಬಹುದಿತ್ತು. ಹಾಗೆ ಮಾಡದೆ ಕೊಯ್ಯುವವರನ್ನೇ ಲೆಕ್ಕಕ್ಕೆ ಸೇರಿಸಿಕೊಂಡರು. ಕೊಯ್ಲಿಗೆ ಮುಂಚೆ ಸೋಲಿಗರೂ ಸಂಶೋಧಕರೂ ಕಾಡಿಗೆ ಹೋಗಿ ಮರಗಳಲ್ಲಿ ಎಷ್ಟು ಫಸಲಿದೆ ಎಂದು ಅಂದಾಜು ಮಾಡುವುದು. ಕೊಯ್ಲಾದ ಮೇಲೆ ಎಷ್ಟು ಕಿತ್ತರು, ಎಷ್ಟು ಬಿಟ್ಟರು, ಬುಡದಲ್ಲಿ ಸಸಿ ಎದ್ದಿದೆಯೇ ಎಂದು ನೋಡುವುದು. ಆ ಮೇಲೆ ಎಲ್ಲರೂ ಕೂತು ಮಾತಾಡಿ ಮುಂದಿನ ವರ್ಷಕ್ಕೆ ತೀರ್ಮಾನ ಮಾಡುವುದು. ಕಣ್ಣಂದಾಜಿನಲ್ಲಿ ಹಿರಿಯ ಸೋಲಿಗರು ಹೇಳುತ್ತಿದ್ದುದನ್ನೂ ಅಳತೆಯ ಪಟ್ಟಿ ಹೇಳುತ್ತಿದ್ದುದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಪದ್ಧತಿ ಹೀಗೆ ಬೆಳೆಯಿತು.

ಹೀಗೆ ನೋಡುವಾಗ ಯಾರೂ ಎಣಿಸದ ಒಂದು ಸಂಗತಿ ಮುಂದೆ ಬಂತು. ನೆಲ್ಲಿ ಮರಗಳು ಸೊರಗುತ್ತಿದ್ದುದಕ್ಕೆ ಕೊಯ್ಲಿನಷ್ಟೇ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿ, ಬದನಿಕೆ ಕಾರಣವಾಗಿತ್ತು. ಬದನಿಕೆ ಎಂದರೆ ಮರದ ರೆಂಬೆಯ ಮೇಲೆ ಹುಟ್ಟಿ ಮರದ ರಸ ಹೀರಿ ಬದುಕುವ ಗಿಡ. ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಅದರ ಹಣ್ಣನ್ನು ತಿನ್ನುವ ಪುಟ್ಟ ಹಕ್ಕಿ ಅಂಟು ಬೀಜವನ್ನು ಇನ್ನೊಂದು ರೆಂಬೆಗೆ ಒರೆಸುತ್ತದೆ, ಅಲ್ಲಿ ಹೊಸ ಗಿಡ ಹುಟ್ಟುತ್ತದೆ. ಆ ಹಕ್ಕಿಗೂ ನಮ್ಮಲ್ಲಿ ಬದನಿಕೆ ಎಂದೇ ಹೆಸರು.

ಬದನಿಕೆ ಏಕೆ ಹೆಚ್ಚಿತು ಎಂದು ಕೇಳಿದಾಗ ಸೋಲಿಗರು ಕೊಟ್ಟ ಉತ್ತರ ಬೆಂಕಿಯ ಕಡೆಗೆ ಹೋಯಿತು. ಹಿಂದೆ ನಾವು ತರಗು ಬೆಂಕಿ ಹಾಕುತ್ತಿದ್ದೆವು. ಅದು ಬದನಿಕೆಯನ್ನು ಹದ್ದಿನಲ್ಲಿಡುತ್ತಿತ್ತು. ಬೆಂಕಿ ನಿಂತ ಮೇಲೆ ಇದು ಏರಿತು ಎಂದರು. ಸಂಶೋಧಕರ ಪುಸ್ತಕಗಳಲ್ಲಿ ಈ ಕೊಂಡಿ ಇರಲಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕಾಡಿನ ನಿರ್ವಹಣೆಗೆ ಸೋಲಿಗರ ಈ ತಿಳಿವಳಿಕೆ ಹೇಗೆ ನೆರವಾಗಬಲ್ಲದು ಎಂಬುದನ್ನೇ ವಿಷಯವಾಗಿಟ್ಟುಕೊಂಡು ಚರ್ಚಿಸಿತು.

ತರಗು ಬೆಂಕಿ, ಕಾಡು ಬೆಂಕಿ

ನಮ್ಮ ಪಠ್ಯಪುಸ್ತಕಗಳಲ್ಲಿ ಬೆಂಕಿ ಕಾಡಿನ ಶತ್ರು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಅರಣ್ಯ ಸಂಪತ್ತಿನ ಪಾಠ ಮಾಡುವಾಗ, ಪೋಡಿನಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು, "ಸಾರ್, ನಮ್ ತಾತ ಕಾಡು ಚೆನ್ನಾಗಿರಲಿ ಅಂತಲೇ ಬೆಂಕಿ ಹಾಕ್ತಿದ್ರಂತೆ" ಎಂದ. ತರಗತಿ ನಕ್ಕಿತು. ನಾನು ಅವನನ್ನು ಮುಂದೆ ಕರೆದು ಪೂರ್ತಿ ಹೇಳು ಎಂದೆ. ಅವನು ಹೇಳಿದ್ದನ್ನು ಆ ಮೇಲೆ ಅನೇಕ ಹಿರಿಯ ಸೋಲಿಗರ ಬಾಯಲ್ಲೂ ಕೇಳಿದ್ದೇನೆ.

ಚಳಿಗಾಲ ಕಳೆಯುವ ಹೊತ್ತಿಗೆ, ಉದುರಿದ ಎಲೆ ಆಗತಾನೆ ಒಣಗಿರುವಾಗ, ಮಂಜಿನ ತೇವ ಇನ್ನೂ ಇರುವಾಗ ಹಾಕುವ ಬೆಂಕಿ ತರಗು ಬೆಂಕಿ. ಅದು ಮೊಣಕಾಲೆತ್ತರಕ್ಕೆ ಉರಿದು ತರಗೆಲೆಯನ್ನು ಸುಟ್ಟು ಆರುತ್ತದೆ. ದೊಡ್ಡ ಮರಕ್ಕೆ ಏಟಿಲ್ಲ. ದಾರಿ ತೆರೆಯುತ್ತದೆ, ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆ, ಜಿಂಕೆ ಕಡವೆಗಳಿಗೆ ಮೇವಾಗುತ್ತದೆ. ವರ್ಷಾನುಗಟ್ಟಲೆ ಬೆಂಕಿ ಇಲ್ಲದೆ ತರಗು, ಪೊದೆ, ಒಣ ಕಡ್ಡಿ ರಾಶಿಯಾಗಿ, ಏಪ್ರಿಲ್ ಬಿಸಿಲಿನಲ್ಲಿ ಯಾರದೋ ಬೀಡಿಯ ಕಿಡಿಗೋ ಹೊಟ್ಟೆಕಿಚ್ಚಿಗೋ ಹೊತ್ತಿಕೊಂಡರೆ ಅದು ಕಾಡು ಬೆಂಕಿ. ಅದು ಮರದ ತಲೆಯವರೆಗೂ ಏರುತ್ತದೆ. ಮಣ್ಣಿನೊಳಗಿನ ಬೀಜವನ್ನೂ ಬಿಡುವುದಿಲ್ಲ. ಎರಡಕ್ಕೂ ಬೆಂಕಿ ಎಂದೇ ಹೆಸರಾದರೂ ಒಂದು ಅಡುಗೆ ಮನೆಯ ಬೆಂಕಿ, ಇನ್ನೊಂದು ಬಣವೆಗೆ ಬಿದ್ದ ಬೆಂಕಿ.

ಈ ಮಾತಿಗೆ ತೂಕ ತಂದದ್ದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೆಂದದ ಹೂವಿಗಾಗಿ ಭಾರತಕ್ಕೆ ತಂದರು. ನನ್ನ ಬಾಲ್ಯದಲ್ಲೂ ತಪ್ಪಲಿನ ಬೇಲಿಗಳಲ್ಲಿ ಇದು ಇತ್ತು. ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಆದರೆ ಕಾಡಿನ ಒಡಲನ್ನೇ ತುಂಬಿಕೊಂಡದ್ದು ಇತ್ತೀಚೆಗೆ. ಸಂಶೋಧಕರು 1997ರಲ್ಲಿ ಬೆಟ್ಟದ ಎಲ್ಲೆಡೆ ಗುರುತು ಮಾಡಿದ ತುಂಡುಗಳಲ್ಲಿ ಶೇ. 41ರಷ್ಟರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ನೋಡಿದಾಗ ಶೇ. 81ರಷ್ಟು ತುಂಡುಗಳಲ್ಲಿ ಕಂಡುಬಂತು. ಹನ್ನೊಂದು ವರ್ಷಕ್ಕೆ ಎರಡರಷ್ಟು. ಲಂಟಾನ ದಟ್ಟವಾದ ಕಡೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಹುಲ್ಲು ಬರುವುದಿಲ್ಲ, ಮರದ ಸಸಿ ಮೇಲೇಳುವುದು ಕಷ್ಟ. ಮೇಲೆ ನೋಡಿದರೆ ಕಾಡು ಹಸಿರಾಗಿಯೇ ಇರುತ್ತದೆ; ಕೆಳಗೆ ನಾಳೆಯ ಕಾಡು ಹುಟ್ಟುತ್ತಿರುವುದಿಲ್ಲ.

ತರಗು ಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು, ಅದು ನಿಂತದ್ದೇ ಇದಕ್ಕೆ ಕಾರಣ ಎಂಬುದು ಸೋಲಿಗರ ಅಭಿಪ್ರಾಯ. ಹಾಗಾದರೆ ನಾಳೆಯೇ ಬೆಂಕಿ ಹಾಕಿಬಿಡೋಣ ಎನ್ನುವಂತೆಯೂ ಇಲ್ಲ. ತಲೆಮೀರಿ ಬೆಳೆದ ಲಂಟಾನಕ್ಕೆ ಈಗ ಬೆಂಕಿ ತಾಗಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ. ಸುಟ್ಟ ಬುಡದಿಂದ ಲಂಟಾನವೇ ಮತ್ತೆ ಚಿಗುರುತ್ತದೆ. ಹಳೆಯ ಮದ್ದು ಹಳೆಯ ಕಾಯಿಲೆಗೆ ಸರಿಯಾಗಿತ್ತು. ರೋಗ ಬೆಳೆದ ಮೇಲೆ ಮೊದಲು ಬೇರೆ ಉಪಚಾರ ಬೇಕು. ಲಂಟಾನವನ್ನು ಬುಡಸಮೇತ ಕಿತ್ತು, ಆ ಜಾಗದಲ್ಲಿ ಹುಲ್ಲು ಬರಿಸಿ, ಆ ಮೇಲೆ ಚಿಕ್ಕ ತುಂಡಿನಲ್ಲಿ, ಎಲ್ಲರ ಕಣ್ಣೆದುರಿಗೆ, ಸರಿಯಾದ ತಿಂಗಳಲ್ಲಿ ತರಗು ಬೆಂಕಿಯನ್ನು ಪರೀಕ್ಷಿಸಿ ನೋಡಬೇಕು ಎನ್ನುವವರ ಮಾತು ನನಗೆ ಸರಿ ಕಾಣುತ್ತದೆ. ಕಿತ್ತ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವ ಕಸುಬು ಮಲೆ ಮಹದೇಶ್ವರ ಬೆಟ್ಟದ ಕಡೆ ಆಗಲೇ ನಡೆದಿದೆ.

ಹಕ್ಕು ಹೋದದ್ದು, ಬಂದದ್ದು

ಇಷ್ಟರಲ್ಲಿ ಕಾನೂನು ಇನ್ನೊಂದು ತಿರುವು ತೆಗೆದುಕೊಂಡಿತ್ತು. ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿಯ ನಂತರ ಅಭಯಾರಣ್ಯಗಳಲ್ಲಿ ಕಿರು ಅರಣ್ಯ ಉತ್ಪನ್ನಗಳನ್ನು ಮಾರಾಟಕ್ಕಾಗಿ ತೆಗೆಯುವಂತಿಲ್ಲ ಎಂದಾಯಿತು. 2006ರಲ್ಲಿ ನಮ್ಮ ಬೆಟ್ಟದಲ್ಲಿ ಅದು ಜಾರಿಯಾಯಿತು. ಮನೆಗಳ ಆದಾಯ ಕುಸಿಯಿತು. ಕೊಡಗಿನ ತೋಟಗಳಿಗೆ, ಊರೂರಿನ ಕೂಲಿಗೆ ಪೋಡಿನ ಯುವಕರು ಹೊರಟರು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲೂ ಆ ವರ್ಷಗಳಲ್ಲಿ ಪೋಡಿನ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚಿತ್ತು.

ಅದರ ಜೊತೆಗೆ ಕಾಡಿನ ಮೇಲಿದ್ದ ಕಣ್ಣುಗಳೂ ಹೋದವು. ನೆಲ್ಲಿ ಕೊಯ್ಯಲು ಹೋದವನು ಬದನಿಕೆ ಹಿಡಿದ ರೆಂಬೆಯನ್ನು ಕಡಿಯಬಲ್ಲ, ಒಣಗಿದ ಮರ ಯಾವುದು, ಜೇನು ಯಾವ ಬಂಡೆಗೆ ಬಂದಿಲ್ಲ, ಹೊಸ ಕಳೆ ಎಲ್ಲಿ ಹುಟ್ಟಿದೆ ಎಂದು ಹೇಳಬಲ್ಲ. ಹೋಗಲು ಕಾರಣವೇ ಇಲ್ಲದಿದ್ದರೆ ನೋಡುವವರು ಯಾರು?

2006ರ ಕೊನೆಗೆ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2008ರ ಜನವರಿಯಲ್ಲಿ ಅದರ ನಿಯಮಗಳು ಬಂದವು. ಸೋಲಿಗರ ಸಂಘಟನೆ ಪೋಡು ಪೋಡಿಗೂ ಗ್ರಾಮಸಭೆ ನಡೆಸಿ, ಹಿರಿಯರ ನೆನಪು, ಯಲ್ಲೆಗಳ ನಕ್ಷೆ ಎಲ್ಲವನ್ನೂ ಆಧಾರವಾಗಿಟ್ಟು ಅರ್ಜಿ ಹಾಕಿತು. ಈ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಸೋಲಿಗ ಸಮುದಾಯದಿಂದಲೇ ಬಂದು ಡಾಕ್ಟರೇಟ್ ಪಡೆದ ಸಿ. ಮಾದೇಗೌಡರು ಒಬ್ಬರು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಹುಲಿಯೂ ಜನರೂ ಒಂದೇ ಕಾಡಿನಲ್ಲಿ ಇರಬಹುದೆಂದು ಒಂದೇ ವರ್ಷದ ಎರಡು ಕಾಗದಗಳು ಒಪ್ಪಿದವು.

ಕಾಗದದಲ್ಲಿ ಇರುವುದೆಲ್ಲ ನೆಲದಲ್ಲಿ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ಹಕ್ಕು ಎಂದರೆ ಕಾಯಿ ಕೀಳುವ ಹಕ್ಕು ಮಾತ್ರವೇ, ಕಾಡಿನ ಆಡಳಿತದಲ್ಲಿ ಮಾತಾಡುವ ಹಕ್ಕೂ ಸೇರಿದೆಯೇ ಎಂಬುದು ಇನ್ನೂ ಜಗ್ಗಾಟದಲ್ಲಿದೆ. ಕಾಯ್ದೆಯ ಪ್ರಕಾರ ಗ್ರಾಮಸಭೆಗೆ ಎರಡೂ ಇವೆ. ಜೊತೆಗೆ ಕಾಡನ್ನು ಕಾಪಾಡುವ ಕರ್ತವ್ಯವೂ ಇದೆ.

ನೋಡಿ ನೋಡಿ ತಿದ್ದುವುದು

ಪರಿಸರ ವಿಜ್ಞಾನಿಗಳು ಈ ಬಗೆಯ ಕೆಲಸಕ್ಕೆ ಹೊಂದಾಣಿಕೆಯ ನಿರ್ವಹಣೆ ಎನ್ನುತ್ತಾರೆ. ಕೆನಡಾದ ಸಿ.ಎಸ್. ಹೋಲಿಂಗ್ ಮತ್ತು ಅವರ ಜೊತೆಗಾರರು 1978ರಲ್ಲಿ ಇದರ ಮೇಲೆ ಪುಸ್ತಕ ತಂದರು. 1992ರ ಜೀವವೈವಿಧ್ಯ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು 2000ದಲ್ಲಿ ನೈರೋಬಿಯಲ್ಲಿ ಸೇರಿ ಇದೇ ದಾರಿಯ 12 ತತ್ವಗಳನ್ನು ಒಪ್ಪಿದವು. ಅವುಗಳ ಸಾರ ಇಷ್ಟು: ಕಾಡು, ಕೆರೆ, ಹೊಳೆಗಳ ಬಗ್ಗೆ ನಮಗೆ ಪೂರ್ತಿ ಗೊತ್ತಿರುವುದಿಲ್ಲ, ಅವು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಒಂದು ಕ್ರಮ ಕೈಗೊಂಡು, ಅದರ ಫಲ ಅಳೆದು, ತಪ್ಪಿದ್ದರೆ ತಿದ್ದಿಕೊಂಡು ಮುಂದೆ ಹೋಗಬೇಕು. ತೀರ್ಮಾನ ಆದಷ್ಟೂ ಕೆಳಮಟ್ಟದಲ್ಲಿ ಆಗಬೇಕು. ವಿಜ್ಞಾನದ ಅರಿವು, ಸ್ಥಳೀಯರ ಅರಿವು ಎರಡನ್ನೂ ಕೇಳಬೇಕು.

ನಮ್ಮ ರೈತರಿಗೆ ಇದೇನೂ ಹೊಸದಲ್ಲ. ಮಳೆ ನಕ್ಷತ್ರ ನೋಡಿ, ಮಣ್ಣಿನ ಹದ ನೋಡಿ ಬಿತ್ತುತ್ತೇವೆ. ರಾಗಿ ಸಾಲು ತೆಳುವಾದರೆ ಪೈರು ಕಿತ್ತು ನಾಟಿ ಹಾಕುತ್ತೇವೆ. ಹಿಂದಿನ ವರ್ಷ ಹುಳ ಬಿದ್ದ ಹೊಲಕ್ಕೆ ಈ ವರ್ಷ ಬೇರೆ ಬೆಳೆ ಇಡುತ್ತೇವೆ. ಐವತ್ತು ವರ್ಷದ ಹಿಂದೆ ಬರೆದಿಟ್ಟ ಒಂದೇ ನಿಯಮದಂತೆ ಯಾರೂ ಬೇಸಾಯ ಮಾಡುವುದಿಲ್ಲ. ಕಾಡಿನ ವಿಷಯದಲ್ಲಿ ಮಾತ್ರ ಒಮ್ಮೆ ಹಾಕಿದ ನಿಯಮ ಎಲ್ಲ ಕಾಲಕ್ಕೂ ಸರಿ ಎಂದು ನಂಬಿಕೊಂಡೆವು.

ಬಯಲಿನವರ ಪಾಲು

ಇಲ್ಲಿಯವರೆಗೆ ಓದಿದ ಊರಿನವರು, ಇದು ಇಲಾಖೆಗೂ ಸೋಲಿಗರಿಗೂ ಸಂಬಂಧಿಸಿದ್ದು, ನಮಗೇನು ಎಂದುಕೊಳ್ಳಬಹುದು. ಆ ಬೆಟ್ಟ ಸಾಲಿನ ಮಳೆಯೇ ಸುವರ್ಣಾವತಿಗೆ ಹರಿದು, ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ ಸೀಮೆಯ ಕೆರೆ ಗದ್ದೆಗಳನ್ನು ತಣಿಸಿ ಕಾವೇರಿಗೆ ಸೇರುತ್ತದೆ. ಕಾಡಿನ ನೆಲದಲ್ಲಿ ಹುಲ್ಲೂ ಸಸಿಯೂ ಇದ್ದರೆ ಆ ನೀರು ನಿಧಾನವಾಗಿ ಇಳಿದು ಬೇಸಿಗೆಗೂ ಒದಗುತ್ತದೆ. ಹುಲ್ಲು ಸಿಗದ ಕಡೆಯಿಂದ ಆನೆ ಬಾಳೆ, ಕಬ್ಬು, ಜೋಳ ಇರುವ ಕಡೆಗೆ ಬರುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ದುಡಿಮೆ ಕಳೆದುಕೊಂಡವರ ಮನೆಗೆ ಹೋಗಿ ಕಾಡು ಉಳಿಸಿ ಎಂದು ಉಪನ್ಯಾಸ ಮಾಡುವುದು ಸುಲಭವಲ್ಲ. ಅವರಿಗೆ ಬೆಳೆ ಪರಿಹಾರ ಬೇಗ ಸಿಗುವುದೂ ಕಾಡು ಉಳಿಸುವ ಕೆಲಸದ ಒಂದು ಭಾಗವೇ.

ನಾನು ಪಾಠ ಹೇಳಿದ ಒಂದೇ ತಂಡದ ಮೂವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬ ಇಂದು ಅರಣ್ಯ ಇಲಾಖೆಯ ನೌಕರ. ಇನ್ನೊಬ್ಬ ಪೋಡಿನ ಗ್ರಾಮಸಭೆಯಲ್ಲಿ ಮುಂದಾಳು. ಮೂರನೆಯವನಿಗೆ ಕಾಡಂಚಿನಲ್ಲಿ ಎರಡು ಎಕರೆ ಹೊಲ. ಸುಗ್ಗಿಯ ತಿಂಗಳುಗಳಲ್ಲಿ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕಾಯುತ್ತಾನೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದ ಮಾರನೆಯ ದಿನ ಮೂವರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಮಾತಾಡಿದ್ದಾರೆ. ಮೂವರಿಗೂ ಇನ್ನಿಬ್ಬರ ಕಡೆಯವರ ಮೇಲೆ ಅನುಮಾನ. ಮೂವರೂ ಸುಳ್ಳುಗಾರರಲ್ಲ, ಮೂವರಿಗೂ ಕಾಡು ಬೇಕು. ಒಂದೇ ಜಗಲಿಯಲ್ಲಿ ಕೂತು ಮಾತಾಡುವ ಸಂದರ್ಭವನ್ನು ಇಷ್ಟು ವರ್ಷ ಯಾರೂ ಮಾಡಿಕೊಡಲಿಲ್ಲ. ನಮ್ಮ ಸೀಮೆಯ ಕಾಡಿನ ಕಷ್ಟ ಏನೆಂದು ಯಾರಾದರೂ ಕೇಳಿದರೆ ನಾನು ಲಂಟಾನಕ್ಕಿಂತ ಮೊದಲು ಇದನ್ನು ಹೇಳುತ್ತೇನೆ.

ಕಾಲವೂ ಕಾಯುವುದಿಲ್ಲ. ತರಗು ಬೆಂಕಿಯನ್ನು ಕೈಯಾರೆ ಹಾಕಿ ಬಲ್ಲವರು 1974ಕ್ಕೆ ಮುಂಚೆ ಪ್ರಾಯಕ್ಕೆ ಬಂದವರು. ಅವರಿಗೆ ಈಗ ಎಪ್ಪತ್ತು ಎಂಬತ್ತು ದಾಟಿದೆ. ಯಾವ ಇಳಿಜಾರಿನಲ್ಲಿ, ಯಾವ ಗಾಳಿಗೆ, ಯಾವ ಹೊತ್ತಿನಲ್ಲಿ ಎಂಬ ವಿವರ ಅವರ ಜೊತೆಗೇ ಹೋಗಿಬಿಟ್ಟರೆ ಆಮೇಲೆ ಎಂಥ ಸಂಶೋಧಕರು ಬಂದರೂ ಕೇಳಲು ಜನ ಇರುವುದಿಲ್ಲ.

ಶಾಲೆಯಿಂದ ಆಗಬಹುದಾದದ್ದು

ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳು ಕೊಠಡಿ, ಕಂಪ್ಯೂಟರು, ರಂಗಮಂದಿರಗಳಿಗೆ ಧಾರಾಳವಾಗಿ ಕೊಟ್ಟಿದ್ದಾರೆ. ದುಡ್ಡು ಹೆಚ್ಚು ಬೇಡದ ಮೂರು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು, ಶಾಲೆಯಲ್ಲಿ ಒಂದು ಕಾಡಿನ ದಿನಚರಿ. ಮಳೆ ಎಷ್ಟು ಬಿತ್ತು, ಮುತ್ತುಗ ಯಾವಾಗ ಹೂ ಬಿಟ್ಟಿತು, ನೆಲ್ಲಿ ಫಸಲು ಹೇಗಿದೆ, ಹೆಜ್ಜೇನು ಯಾವ ತಿಂಗಳು ಬಂತು, ಬೆಂಕಿ ಎಲ್ಲಿ ಕಾಣಿಸಿತು, ಆನೆ ಯಾವ ಹೊಲಕ್ಕೆ ಇಳಿಯಿತು ಎಂದು ಪೋಡಿನ ಮಕ್ಕಳೂ ಊರಿನ ಮಕ್ಕಳೂ ಸೇರಿ ಬರೆಯಲಿ. ಹತ್ತು ವರ್ಷ ಬಿಡದೆ ಬರೆದರೆ ಅದಕ್ಕೆ ಬೆಲೆ ಕಟ್ಟಲಾಗದು.

ಎರಡನೆಯದು, ಹಿರಿಯರ ಮಾತಿನ ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಇಡಬೇಕು. ಆ ಪುಸ್ತಕ ಕಪಾಟಿನಲ್ಲಿ ಮುಚ್ಚಿಡುವ ಕಾಗದವಾಗದಂತೆ ನಮ್ಮ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದು ತುಂಬಿಸಬಹುದು. ಯಾರ ಅರಿವೋ ಅವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಅಲ್ಲಿಯೇ ಬರೆಯಬೇಕು.

ಮೂರನೆಯದು, ವರ್ಷಕ್ಕೊಂದು ಸಭೆ. ಬೇಸಿಗೆಗೆ ಮುಂಚೆ, ಜನವರಿಯಲ್ಲಿ, ನಮ್ಮ ಶಾಲೆಯ ಅಂಗಳದಲ್ಲಿ. ಅರಣ್ಯ ಸಿಬ್ಬಂದಿ, ಪೋಡಿನ ಗ್ರಾಮಸಭೆಯವರು, ಕಾಡಂಚಿನ ರೈತರು, ದನ ಮೇಯಿಸುವವರು, ಸಂಶೋಧಕರು ಎಲ್ಲರನ್ನೂ ಕರೆಯೋಣ. ಹೋದ ವರ್ಷ ಏನು ಮಾಡಿದೆವು, ಏನಾಯಿತು, ಈ ವರ್ಷ ಏನು ಬದಲಿಸೋಣ ಎಂಬ ಮೂರೇ ವಿಷಯ. ಭಾಷಣ, ಹಾರ ತುರಾಯಿ ಬೇಡ. ಶಾಲೆ ಯಾರ ಪಕ್ಷವೂ ಅಲ್ಲ. ಎಲ್ಲರ ಮಕ್ಕಳೂ ಇಲ್ಲಿ ಓದಿದ್ದಾರೆ. ಕರೆದರೆ ಬರುತ್ತಾರೆ ಎಂಬ ನಂಬಿಕೆ ನನಗಿದೆ.

ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯವರೂ ಒಪ್ಪಿದರೆ ಮೊದಲ ಸಭೆಯನ್ನು ಬರುವ ಜನವರಿಯಲ್ಲೇ ಇಟ್ಟುಕೊಳ್ಳಬಹುದು. ಆ ಮೂವರು ಹಳೆಯ ವಿದ್ಯಾರ್ಥಿಗಳಿಗೆ ನಾನೇ ಹೋಗಿ ಹೇಳಿ ಬರುತ್ತೇನೆ. ದಿನಚರಿಗೆ ಬೇಕಾದ ಪುಸ್ತಕಗಳನ್ನು ಈಗಾಗಲೇ ತಂದು ಶಾಲೆಯ ಗ್ರಂಥಾಲಯದಲ್ಲಿ ಇಟ್ಟಿದ್ದೇನೆ.